ಯೆಜ್ಡಿ 250: ಒಂದು ಸಿಲಿಂಡರ್, ಎರಡು ಸೈಲೆನ್ಸರ್

ಮೈಸೂರಿನಲ್ಲಿ ತಯಾರಾದ ಬೈಕ್ ಇದು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜೆಕೊಸ್ಲೊವಾಕಿಯಾದ ಜಾವಾ ವಿನ್ಯಾಸ ಹಿಡಿದು ಕೆಲಸ ಶುರುಮಾಡಿತು. 1973ರಿಂದ ಯೆಜ್ಡಿ ಎಂಬ ಹೆಸರು. 1996ರಲ್ಲಿ ಬಾಗಿಲು ಮುಚ್ಚಿತು.

ಟೂ ಸ್ಟ್ರೋಕ್ ಎಂಜಿನ್. ಪೆಟ್ರೋಲಿಗೆ ಆಯಿಲ್ ಬೆರೆಸಿಯೇ ಹಾಕಬೇಕು. ನೀಲಿ ಹೊಗೆ ಅದರದ್ದೇ. ವಾಲ್ವ್‌ಗಳೇ ಇಲ್ಲ: ಮೇಲೆ ಕೆಳಗೆ ಆಡುವ ಪಿಸ್ಟನ್ನೇ ಸಿಲಿಂಡರ್ ಗೋಡೆಯ ಕಿಂಡಿಗಳನ್ನು ತೆರೆದು ಮುಚ್ಚುತ್ತದೆ. ಪಿಸ್ಟನ್ ಬದಲು ತ್ರಿಕೋನ ರೋಟರ್ ಸುತ್ತುವ ಮಾಜ್ದಾ ಕಾರುಗಳ ವ್ಯಾಂಕೆಲ್ ಎಂಜಿನ್ನಿಗೂ ವಾಲ್ವ್ ಇಲ್ಲ. ಗಾಡಿ ಹುಚ್ಚಿನವರ ಹರಟೆಯಲ್ಲಿ ಇವೆರಡೂ ನೆಂಟರಾಗುವುದು ಹೀಗೆ.

ಎಡಗಡೆ ನೋಡಿ. ಗೇರ್ ಲಿವರ್ ಇದೆ, ಕಿಕ್ಕರ್ ಎಲ್ಲಿ? ಅದೇ ಇದು! ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್. ಎರವಲು ಪಡೆದ ಹೊಸಬರು ಪೇಚಾಡುವುದು ಇಲ್ಲೇ.