ಇಂಧನ ಕೋಶದ ಪ್ಲಾಟಿನಂ ಋಣ

ವಿದ್ಯುತ್ ಹಾಯಿಸಿದರೆ ನೀರು ಜಲಜನಕ, ಆಮ್ಲಜನಕಗಳಾಗಿ ಒಡೆಯುತ್ತದೆ. ಹಾಗಾದರೆ ಅವೆರಡನ್ನೂ ಮತ್ತೆ ಕೂಡಿಸಿದರೆ ವಿದ್ಯುತ್ ಹುಟ್ಟಬೇಡವೇ? ವೇಲ್ಸ್‌ನ ವಿಲಿಯಂ ಗ್ರೋವ್ 1839ರಲ್ಲಿ ಇದಕ್ಕೆ ಉತ್ತರ ಕಂಡುಕೊಂಡರು. ವೃತ್ತಿಯಿಂದ ಅವರು ವಕೀಲರು. ಗಂಧಕಾಮ್ಲದಲ್ಲಿ ಇಳಿಬಿಟ್ಟ ಪ್ಲಾಟಿನಂ ಪಟ್ಟಿಗಳೇ ವಿದ್ಯುದ್ವಾರಗಳು. ಒಂದಕ್ಕೆ ಜಲಜನಕ, ಇನ್ನೊಂದಕ್ಕೆ ಆಮ್ಲಜನಕ ತಾಗಿದಾಗ ವಿದ್ಯುತ್ ಹರಿಯಿತು. ಉಳಿದದ್ದು ನೀರು ಮಾತ್ರ, ಹೊಗೆಯಿಲ್ಲ, ಬೂದಿಯಿಲ್ಲ. ಇಂದಿನ ಇಂಧನ ಕೋಶದ ಮೂಲ ಇದೇ.

ಆದರೆ ಅನಿಲಗಳು ಸುಮ್ಮನೆ ಕೂಡುವುದಿಲ್ಲ. ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕುಗೊಳಿಸುವ ವೇಗವರ್ಧಕ ಬೇಕು. ಆ ಕೆಲಸ ಮಾಡಿದ ಪ್ಲಾಟಿನಂ ವಿರಳ, ದುಬಾರಿ.

ಇಂಗ್ಲೆಂಡಿನ ಎಂಜಿನಿಯರ್ ಫ್ರಾನ್ಸಿಸ್ ಥಾಮಸ್ ಬೇಕನ್ ಬೇರೆ ದಾರಿ ಹಿಡಿದರು. ಆಮ್ಲದ ಬದಲು ಬಿಸಿ ಕ್ಷಾರ ಬಳಸಿದರೆ ಅಗ್ಗದ ನಿಕ್ಕಲ್ ಸಾಕೆಂದು ತೋರಿಸಿ, 1959ರಲ್ಲಿ 5 ಕಿಲೋವಾಟ್ ಸಾಮರ್ಥ್ಯದ ಕೋಶ ನಡೆಸಿದರು. ಅವರ ಪೇಟೆಂಟ್ ಆಧರಿಸಿದ ಕೋಶಗಳು ಅಪೊಲೊ ನೌಕೆಗಳಿಗೆ ವಿದ್ಯುತ್ತನ್ನೂ ಯಾತ್ರಿಗಳಿಗೆ ಕುಡಿಯುವ ನೀರನ್ನೂ ಒದಗಿಸಿದವು. ಆದರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಕ್ಷಾರವನ್ನು ಕೆಡಿಸುತ್ತದೆ. ಹೀಗಾಗಿ ವಾಹನಗಳಿಗೆ ಮತ್ತೆ ಆಮ್ಲೀಯ ಪೊರೆ, ಮತ್ತೆ ಪ್ಲಾಟಿನಂ.

1980ರ ದಶಕದಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯ ಉಪಾಯವೊಂದನ್ನು ಕಂಡುಕೊಂಡಿತು. ಇಂಗಾಲದ ಪುಡಿಯ ಮೇಲೆ ಪ್ಲಾಟಿನಂ ಕಣಗಳಿದ್ದ ವಿದ್ಯುದ್ವಾರಕ್ಕೆ ಪೊರೆಯ ವಸ್ತುವಿನ ದ್ರಾವಣವನ್ನೇ ಇಂಗಿಸಿದಾಗ, ಚದರ ಸೆಂಟಿಮೀಟರಿಗೆ 4 ಮಿಲಿಗ್ರಾಂ ಬೇಕಿದ್ದ ಲೋಹ ಸುಮಾರು 0.4ಕ್ಕೆ ಇಳಿಯಿತು.

ಕಬ್ಬಿಣದ ಸಂಯುಕ್ತಗಳನ್ನು ಪ್ಲಾಟಿನಂ ಬದಲಿಗೆ ಬಳಸುವ ಯತ್ನ ನಡೆದಿದೆ, ಬಾಳಿಕೆಯೇ ತೊಡಕು. ಜಲಜನಕವೂ ಬಹುಪಾಲು ನೈಸರ್ಗಿಕ ಅನಿಲ, ಕಲ್ಲಿದ್ದಲಿನಿಂದಲೇ ಬರುತ್ತಿದೆ. ಕೋಶ ಶುದ್ಧವಾದರೆ ಸಾಲದು, ಅದಕ್ಕೆ ಉಣಿಸುವ ಇಂಧನವೂ ಶುದ್ಧವಾಗಬೇಕು.