ಸ್ಟೂಡೆಂಟ್-ಅಥ್ಲೀಟ್: ಒಂದು ಹೆಸರಿನ ಕಥೆ

ಅಮೆರಿಕದಲ್ಲಿ ಎರಡು ಕಾಲೇಜುಗಳ ನಡುವೆ ನಡೆದ ಮೊಟ್ಟಮೊದಲ ಪಂದ್ಯ ಯಾವುದು ಗೊತ್ತಾ? ಫುಟ್‌ಬಾಲ್ ಅಲ್ಲ, ಬೇಸ್‌ಬಾಲೂ ಅಲ್ಲ. ದೋಣಿ ಸ್ಪರ್ಧೆ. 1852ರ ಆಗಸ್ಟ್ 3ರಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ವಿನಿಪೆಸಾಕಿ ಸರೋವರದಲ್ಲಿ ಹಾರ್ವರ್ಡ್ ಮತ್ತು ಯೇಲ್ ಹುಡುಗರು ಹುಟ್ಟು ಹಾಕಿದರು, ಹಾರ್ವರ್ಡ್ ಗೆದ್ದಿತು. ಖರ್ಚೆಲ್ಲ ಕೊಟ್ಟಿದ್ದು ಮಾತ್ರ ಕಾಲೇಜಲ್ಲ, ಒಂದು ರೈಲ್ವೆ ಕಂಪನಿ. ಸರೋವರದ ಕಡೆ ಅವರ ರೈಲು ಓಡುತ್ತಿತ್ತು, ಜನ ಟಿಕೆಟ್ ತಗೊಂಡು ಬರಬೇಕಿತ್ತು. ಹುಡುಗರಿಗೆ ಬಿಟ್ಟಿ ಪ್ರಯಾಣ, ಬಿಟ್ಟಿ ಊಟ, ಬಿಟ್ಟಿ ರಜೆ. ಕಂಪನಿಗೆ ಪ್ರಯಾಣಿಕರು.

ಕಾಲೇಜು ಆಟಗಾರರಿಗೆ ದುಡ್ಡು ಕೊಡಬೇಕಾ ಬೇಡವಾ ಅನ್ನೋ ಜಗಳ ಬಂದಾಗಲೆಲ್ಲ ಅಲ್ಲಿನ ಹಿರಿಯರು ಒಂದು ಮಾತು ಹೇಳ್ತಾರೆ: ಹಿಂದೆ ಆಟ ಶುದ್ಧವಾಗಿತ್ತು, ಈಗ ದುಡ್ಡು ಬಂದು ಕೆಟ್ಟುಹೋಯ್ತು. ಆದರೆ ಮೊದಲ ಪಂದ್ಯದ ದಿನವೇ ದುಡ್ಡು ದಡದ ಮೇಲೆ ನಿಂತಿತ್ತು. ಅದು ಯಾರ ಜೇಬಿಗೆ ಹೋಗಬೇಕು ಅನ್ನೋದಷ್ಟೇ ಆಮೇಲಿನ 170 ವರ್ಷದ ಪ್ರಶ್ನೆ.

'ಅಮೆಚೂರ್' ಅನ್ನೋ ಆದರ್ಶ ಅಮೆರಿಕದವರ ಸ್ವಂತದ್ದಲ್ಲ. ಇಂಗ್ಲೆಂಡಿನಿಂದ ತಂದಿದ್ದು. ಇಂಗ್ಲೆಂಡಿನ ಹೆನ್ಲಿ ದೋಣಿ ಸ್ಪರ್ಧೆಯ 1879ರ ನಿಯಮದ ಪ್ರಕಾರ ಕೂಲಿ ಕೆಲಸ, ಕುಶಲ ಕೆಲಸ ಮಾಡುವವನು ಅಮೆಚೂರ್ ಆಗೋ ಹಾಗೇ ಇರಲಿಲ್ಲ. ಅವನು ದೋಣಿ ಓಡಿಸಿ ದುಡ್ಡು ತಗೊಂಡಿರಬೇಕು ಅಂತಲೂ ಇಲ್ಲ, ಕೈಯಲ್ಲಿ ದುಡಿಯೋನಾದ್ರೆ ಸಾಕು, ಹೊರಗೆ. ಕ್ರಿಕೆಟ್‌ನಲ್ಲಂತೂ 'ಜಂಟಲ್‌ಮನ್' ಮತ್ತು 'ಪ್ಲೇಯರ್' ಅಂತ ಎರಡು ಜಾತಿಯೇ ಇತ್ತು. ದುಡ್ಡಿಗೆ ಆಡದವನ ಇನಿಷಿಯಲ್ ಸ್ಕೋರ್‌ಕಾರ್ಡಿನಲ್ಲಿ ಹೆಸರಿಗೆ ಮುಂಚೆ, ದುಡ್ಡಿಗೆ ಆಡುವವನದ್ದು ಹೆಸರಾದ ಮೇಲೆ. ಮೈದಾನಕ್ಕೆ ಬರೋ ಬಾಗಿಲೂ ಬೇರೆ ಬೇರೆ. 1962ರಲ್ಲಿ ಇದನ್ನು ರದ್ದು ಮಾಡಿದರು. ತಮಾಷೆ ಅಂದ್ರೆ, ಗಡ್ಡದ ಡಬ್ಲ್ಯು. ಜಿ. ಗ್ರೇಸ್ ಲೆಕ್ಕಕ್ಕೆ ಅಮೆಚೂರ್, ಆದರೆ 'ಖರ್ಚು ವೆಚ್ಚ'ದ ಹೆಸರಲ್ಲಿ ವೃತ್ತಿಪರರಿಗಿಂತ ಜಾಸ್ತಿ ದುಡ್ಡು ತಗೊಂಡವರು. ಹೊಟ್ಟೆ ತುಂಬಿದವರಿಗೆ ಮಾತ್ರ ಸಾಧ್ಯವಾಗುವ ಶುದ್ಧತೆಯನ್ನು ಎಲ್ಲರ ಮೇಲೂ ಹೇರಿದರೆ ಹೀಗೇ ಆಗೋದು.

ಇದೇ ಮಡಿ ಅಟ್ಲಾಂಟಿಕ್ ದಾಟಿ ಅಮೆರಿಕದ ಕಾಲೇಜುಗಳಿಗೆ ಬಂತು. ಅಲ್ಲಿ ಫುಟ್‌ಬಾಲ್ ಅಂದ್ರೆ ನಮ್ಮ ಫುಟ್‌ಬಾಲ್ ಅಲ್ಲ, ಮೊಟ್ಟೆಯಾಕಾರದ ಚೆಂಡು ಹಿಡಿದು ಒಬ್ಬರ ಮೇಲೊಬ್ಬರು ಬೀಳೋ ಆಟ. 1905ರ ಒಂದೇ ಸೀಸನ್ನಿನಲ್ಲಿ 18 ಹುಡುಗರು ಸತ್ತರು ಅಂತ ಪತ್ರಿಕೆಗಳು ಲೆಕ್ಕ ಕೊಟ್ಟವು. ಆಗಿನ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ದೊಡ್ಡ ಕಾಲೇಜುಗಳವರನ್ನು ಶ್ವೇತಭವನಕ್ಕೆ ಕರೆಸಿ, ಆಟವನ್ನು ಸರಿಮಾಡಿ ಅಂದರು. 1906ರಲ್ಲಿ ಕಾಲೇಜುಗಳ ಒಂದು ಸಂಘ ಹುಟ್ಟಿತು, 1910ರಲ್ಲಿ ಅದರ ಹೆಸರು ಎನ್‌ಸಿಎಎ ಆಯ್ತು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಹುಡುಗರು ಸಾಯುವುದನ್ನು ತಪ್ಪಿಸೋಕೆ ಅಂತ ಹುಟ್ಟಿದ ಸಂಸ್ಥೆ ಇದು.

ದುಡ್ಡು ಕೊಡಬಾರದು ಅಂತ ನಿಯಮ ಇತ್ತು, ಕೊಡೋದೂ ನಡೀತಿತ್ತು. 1929ರಲ್ಲಿ ಕಾರ್ನೆಗೀ ಫೌಂಡೇಶನ್ ನೂರಕ್ಕೂ ಹೆಚ್ಚು ಕಾಲೇಜುಗಳನ್ನು ತಡಕಾಡಿ ವರದಿ ಬರೆದಾಗ, ಬಹುಪಾಲು ಕಡೆ ಆಟಗಾರರಿಗೆ ಒಂದಲ್ಲ ಒಂದು ರೀತಿಯಲ್ಲಿ ದುಡ್ಡು ಸೇರುತ್ತಿತ್ತು. 1956ರ ಹೊತ್ತಿಗೆ ಎನ್‌ಸಿಎಎ ಸೋತು, ಆಟಕ್ಕಾಗಿಯೇ ಸ್ಕಾಲರ್‌ಶಿಪ್ ಕೊಡಬಹುದು ಅಂತ ಒಪ್ಪಿಕೊಂಡಿತು. ಫೀಸು, ರೂಮು, ಊಟ, ಪುಸ್ತಕ. ಸಂಬಳ ಇಲ್ಲ.

ಅದೇ ಕಾಲದಲ್ಲಿ ಕೊಲೊರಾಡೋ ರಾಜ್ಯದಲ್ಲಿ ಎರಡು ಕೇಸು ನಡೆದವು. ಈ ಲೇಖನ ಬರೆಯೋಕೆ ಕಾರಣವೇ ಅವು.

ಮೊದಲನೆಯದು ಅರ್ನೆಸ್ಟ್ ನೆಮೆತ್ ಅನ್ನೋ ಹುಡುಗನದು. ಡೆನ್ವರ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರ, ಪ್ರಾಕ್ಟೀಸ್ ಮಾಡುವಾಗ ಬೆನ್ನಿಗೆ ಪೆಟ್ಟಾಯ್ತು. ಕಾಲೇಜು ಅವನಿಗೆ ಟೆನ್ನಿಸ್ ಕೋರ್ಟ್ ನೋಡಿಕೊಳ್ಳೋ ಕೆಲಸ ಕೊಟ್ಟಿತ್ತು, ತಿಂಗಳಿಗೆ 50 ಡಾಲರ್. ಆದರೆ ಫುಟ್‌ಬಾಲ್ ಆಡೋ ತನಕ ಮಾತ್ರ ಆ ಕೆಲಸ. 1953ರಲ್ಲಿ ಕೊಲೊರಾಡೋ ಸುಪ್ರೀಂ ಕೋರ್ಟ್ ನೇರವಾಗಿ ಹೇಳಿತು: ಹಾಗಾದ್ರೆ ಇವನು ಕೆಲಸಗಾರ, ಕೆಲಸದಲ್ಲಿ ಪೆಟ್ಟಾಗಿದೆ, ಪರಿಹಾರ ಕೊಡಿ.

ಕಾಲೇಜುಗಳಿಗೆ ಎದೆ ಧಸಕ್ಕೆಂದಿರಬೇಕು. ಕೋರ್ಟಿನ ಈ ತರ್ಕ ನಿಂತರೆ ದೇಶದ ಪ್ರತಿ ಮುರಿದ ಮೊಣಕಾಲಿಗೂ ಲೆಕ್ಕ ಕೊಡಬೇಕಾಗುತ್ತಿತ್ತು.

ಎರಡನೆಯದು ರೇ ಡೆನಿಸನ್ ಅನ್ನೋನದು. ಫೋರ್ಟ್ ಲೂಯಿಸ್ ಅನ್ನೋ ಸಣ್ಣ ಕಾಲೇಜಿಗೆ ಆಡುತ್ತಿದ್ದವನು, 1955ರಲ್ಲಿ ಪಂದ್ಯದ ನಡುವೆ ತಲೆಗೆ ಪೆಟ್ಟು ಬಿದ್ದು ಸತ್ತ. ಹೆಂಡತಿ ಪರಿಹಾರ ಕೇಳಿದಳು. ಫ್ಯಾಕ್ಟರಿಯಲ್ಲಿ ಸತ್ತಿದ್ದರೆ ಏನು ಸಿಗುತ್ತಿತ್ತೋ ಅದು, ಅಷ್ಟೇ. 1957ರಲ್ಲಿ ಅದೇ ಕೊಲೊರಾಡೋ ಸುಪ್ರೀಂ ಕೋರ್ಟ್ ಆಗಲ್ಲ ಅಂತು. ಕಾಲೇಜು ಫುಟ್‌ಬಾಲ್ ವ್ಯಾಪಾರದಲ್ಲಿ ಇಲ್ಲ, ಆದ್ದರಿಂದ ಅವನು ಕೆಲಸಗಾರನಲ್ಲ.

ಈ ಎರಡು ಕೇಸಿನ ಸುತ್ತಮುತ್ತಲೇ ಒಂದು ಹೊಸ ಪದ ಚಾಲ್ತಿಗೆ ಬಂತು: 'ಸ್ಟೂಡೆಂಟ್-ಅಥ್ಲೀಟ್'. ಅದಕ್ಕೆ ಮುಂಚೆ ಎಲ್ಲರೂ ಪ್ಲೇಯರ್ ಅಂತಲೋ ಅಥ್ಲೀಟ್ ಅಂತಲೋ ಕರೆಯೋರು. ಆಗ ಎನ್‌ಸಿಎಎಯ ಚುಕ್ಕಾಣಿ ಹಿಡಿದಿದ್ದವರು ವಾಲ್ಟರ್ ಬೈಯರ್ಸ್. 1951ರಿಂದ ಸುಮಾರು 36 ವರ್ಷ ಆ ಸಂಸ್ಥೆ ಅಂದ್ರೆ ಅವರು, ಅವರು ಅಂದ್ರೆ ಆ ಸಂಸ್ಥೆ. ಎಲ್ಲಾ ನಿಯಮಗಳಲ್ಲೂ, ಪತ್ರಗಳಲ್ಲೂ 'ಪ್ಲೇಯರ್' ಬದಲು ಈ ಪದವನ್ನೇ ಹಾಕಿಸಿದರು. ಇದೆಲ್ಲ ನಮಗೆ ಹೇಗೆ ಗೊತ್ತು ಅಂದ್ರೆ, ನಿವೃತ್ತರಾದ ಮೇಲೆ 1995ರಲ್ಲಿ ಬೈಯರ್ಸ್ ತಾವೇ ಪುಸ್ತಕ ಬರೆದು ಹೇಳಿದರು. ಆಟಗಾರರನ್ನು ಕೆಲಸಗಾರರು ಅಂತ ಕೋರ್ಟುಗಳು ಎಲ್ಲಿ ಅಂದುಬಿಡುತ್ತವೋ ಅನ್ನೋ ಭಯಕ್ಕೆ ಈ ಪದ ಕಟ್ಟಿದ್ದು ಅಂತ. ತಾವೇ ಕಟ್ಟಿದ ವ್ಯವಸ್ಥೆ ಹುಡುಗರನ್ನು ಶೋಷಿಸುತ್ತಿದೆ ಅಂತಲೂ ಬರೆದರು. ಕೋಟೆ ಕಟ್ಟಿದ ಮೇಸ್ತ್ರಿಯೇ ಬಂದು ಬಿರುಕು ತೋರಿಸಿದ ಹಾಗೆ.

ಹಳ್ಳಿಯಲ್ಲಿ ಬೆಳೆದವರಿಗೆ ಈ ತಂತ್ರ ಹೊಸದಲ್ಲ. ದೊಡ್ಡ ಮನೆಗಳಲ್ಲಿ ವರ್ಷಗಟ್ಟಲೆ ದನ ಕಾಯ್ದು, ಗೊಬ್ಬರ ಹೊತ್ತು, ಕೊಟ್ಟಿಗೆಯಲ್ಲೇ ಮಲಗೋ ಆಳನ್ನು ತೋರಿಸಿ ಯಜಮಾನರು ಹೇಳೋರು, "ಅವ್ನು ನಮ್ಗೆ ಮನೆ ಮಗ ಇದ್ದಂಗೆ." ಮಗ ಅಂದಮೇಲೆ ಸಂಬಳದ ಮಾತು ಆಡೋದು ಹೇಗೆ? ಮಗ ಅಂದಮೇಲೆ ಆಸ್ತಿಯಲ್ಲಿ ಪಾಲೂ ಬರಬೇಕಲ್ಲ ಅಂತ ಮಾತ್ರ ಯಾರೂ ಕೇಳುತ್ತಿರಲಿಲ್ಲ. ಈಗ ಬೆಂಗಳೂರಿನಲ್ಲಿ ರಾತ್ರಿ ಹತ್ತಕ್ಕೆ ಮಳೆಯಲ್ಲಿ ನೆನೆದು ನಮ್ಮ ಬಿರಿಯಾನಿ ತರುವವನನ್ನು ಆ್ಯಪ್ 'ಪಾರ್ಟ್‌ನರ್' ಅನ್ನುತ್ತೆ. ಅಂಥಾ ಆ್ಯಪಿಗೆ ಕೋಡ್ ಬರೆಯೋ ನಮ್ಮಂಥವರನ್ನು ಎಂಪ್ಲಾಯೀ ಅನ್ನುತ್ತೆ. ಪಿಎಫ್ ಯಾರಿಗೆ ಅಂತ ಬೇರೆ ಹೇಳಬೇಕಾ?

ಅಮೆರಿಕಕ್ಕೆ ವಾಪಸ್ ಬರೋಣ. ಆ ಪದ ಎಷ್ಟು ಗಟ್ಟಿ ಅನ್ನೋದು ಕೆಂಟ್ ವಾಲ್‌ಡ್ರೆಪ್ ಕೇಸಿನಲ್ಲಿ ಗೊತ್ತಾಯ್ತು. ಟೆಕ್ಸಾಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯಕ್ಕೆ ಆಡುತ್ತಿದ್ದ ಹುಡುಗ. 1974ರಲ್ಲಿ ಅಲಬಾಮಾ ವಿರುದ್ಧದ ಪಂದ್ಯದಲ್ಲಿ ಬಿದ್ದವನು ಮತ್ತೆ ತನ್ನ ಕಾಲ ಮೇಲೆ ನಿಲ್ಲಲಿಲ್ಲ, ಪಾರ್ಶ್ವವಾಯು. ಪರಿಹಾರಕ್ಕೆ ವರ್ಷಗಟ್ಟಲೆ ಹೋರಾಡಿ, 2000ನೇ ಇಸವಿಯಲ್ಲಿ ಮೇಲ್ಮನವಿ ಕೋರ್ಟಿನಲ್ಲಿ ಸೋತ. ಕೋರ್ಟು ಕೊಟ್ಟ ಕಾರಣಗಳಲ್ಲಿ ಒಂದು: ಅವನು ಸ್ಕಾಲರ್‌ಶಿಪ್ ಮೇಲೆ ಟ್ಯಾಕ್ಸ್ ಕಟ್ಟಿರಲಿಲ್ಲ. ಫಾರ್ಮ್ 16 ಇಲ್ಲ, ಹಾಗಾಗಿ ಕತ್ತು ಮುರಿದಿದ್ದು ಕೆಲಸದಲ್ಲಲ್ಲ!

ಇಷ್ಟರ ಮಧ್ಯೆ ಒಂದು ವಿಷಯ ಸದ್ದಿಲ್ಲದೆ ಆಗಿತ್ತು. 1973ರಲ್ಲಿ ಎನ್‌ಸಿಎಎ ಸ್ಕಾಲರ್‌ಶಿಪ್ಪನ್ನು ಒಂದೊಂದೇ ವರ್ಷಕ್ಕೆ ಇಳಿಸಿತು. ಅಂದ್ರೆ ಪ್ರತಿ ವರ್ಷ ಅಪ್ರೈಸಲ್. ಕೋಚ್‌ಗೆ ಹಿಡಿಸದಿದ್ರೆ ಮುಂದಿನ ವರ್ಷ ಫೀಸು ಕಟ್ಟೋರಿಲ್ಲ. ಕೆಲಸಗಾರನ ಭಯ ಎಲ್ಲಾ ಇದೆ, ಕೆಲಸಗಾರನ ಹಕ್ಕು ಒಂದೂ ಇಲ್ಲ.

ನಮ್ಮ ಕಡೆಯಿಂದ ಎಂಎಸ್ ಮಾಡೋಕೆ ಹೋದವರಿಗೆ ಇನ್ನೊಂದು ಲೆಕ್ಕ ಚೆನ್ನಾಗಿ ಅರ್ಥ ಆಗುತ್ತೆ. ಎಫ್-1 ವೀಸಾದಲ್ಲಿ ಇರೋರು ಕ್ಲಾಸು ನಡೆಯುವಾಗ ಕ್ಯಾಂಪಸ್‌ನಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಲೈಬ್ರರಿಯಲ್ಲಿ ಪುಸ್ತಕ ಜೋಡಿಸಿ, ಕೆಫೆಯಲ್ಲಿ ಪಾತ್ರೆ ತೊಳೆದು, ಗಂಟೆಗಿಷ್ಟು ಅಂತ ತಗೊಂಡವರು ನಿಮ್ಮ ಗೆಳೆಯರಲ್ಲೇ ಇರ್ತಾರೆ. ಎನ್‌ಸಿಎಎ ಕೂಡ ಆಟಗಾರರ ಪ್ರಾಕ್ಟೀಸಿಗೆ ಇಟ್ಟಿರೋ ಮಿತಿ ವಾರಕ್ಕೆ 20 ಗಂಟೆ. ಅದೇ ಕ್ಯಾಂಪಸ್, ಅದೇ 20 ಗಂಟೆ. ಪಾತ್ರೆ ತೊಳೆಯೋದು ಕೆಲಸ, ಸಾವಿರಾರು ಜನ ಟಿಕೆಟ್ ಕೊಂಡು ನೋಡೋ ಆಟ 'ಶಿಕ್ಷಣದ ಭಾಗ'.

ಆಟದ ದುಡ್ಡು ಮಾತ್ರ ಬೆಳೀತಾನೇ ಹೋಯ್ತು. 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಫುಟ್‌ಬಾಲ್ ಟಿವಿ ಹಕ್ಕುಗಳ ಮೇಲಿನ ಎನ್‌ಸಿಎಎ ಹಿಡಿತವನ್ನು ಮುರಿಯಿತು. ಆಮೇಲೆ ಕಾಲೇಜುಗಳು, ಕಾಲೇಜುಗಳ ಗುಂಪುಗಳು ತಾವೇ ಟಿವಿಯವರ ಜೊತೆ ವ್ಯಾಪಾರಕ್ಕಿಳಿದವು. ಬ್ಯಾಸ್ಕೆಟ್‌ಬಾಲ್ ಟೂರ್ನಮೆಂಟಿಗೆ 2016ರಲ್ಲಿ ಆದ ಒಪ್ಪಂದ 8 ವರ್ಷಕ್ಕೆ 880 ಕೋಟಿ ಡಾಲರ್. ಬಹುತೇಕ ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ತಗೊಳ್ಳೋ ಸರ್ಕಾರಿ ನೌಕರ ಗವರ್ನರ್ ಅಲ್ಲ, ಸರ್ಕಾರಿ ವಿಶ್ವವಿದ್ಯಾಲಯದ ಕೋಚ್. ಶುದ್ಧತೆಯ ಹೊಣೆ ಹುಡುಗರದ್ದು ಮಾತ್ರ.

ಮೊದಲ ದೊಡ್ಡ ಬಿರುಕು ಬಂದಿದ್ದು ಒಂದು ವಿಡಿಯೋ ಗೇಮ್‌ನಿಂದ. ಯುಸಿಎಲ್‌ಎ ಕಾಲೇಜಿಗೆ 1995ರಲ್ಲಿ ಚಾಂಪಿಯನ್‌ಶಿಪ್ ಗೆದ್ದುಕೊಟ್ಟ ಎಡ್ ಒಬ್ಯಾನನ್, ವರ್ಷಗಳ ಮೇಲೆ ಗೆಳೆಯನ ಮನೆಯಲ್ಲಿ ಒಂದು ಗೇಮ್ ನೋಡ್ತಾರೆ. ಅದರಲ್ಲಿ ತಾವೇ ಓಡಾಡ್ತಿದ್ದಾರೆ! ಅದೇ 31ರ ಜೆರ್ಸಿ, ಅದೇ ಬೋಳು ತಲೆ, ಅದೇ ಎಡಗೈ ಆಟ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಡೇಟಾಬೇಸ್ ಟೇಬಲ್‌ನ ಎಲ್ಲಾ ಕಾಲಂ ತುಂಬಿದೆ, ಹೆಸರಿನ ಕಾಲಂ ಮಾತ್ರ ಖಾಲಿ. ಹೆಸರು ಹಾಕಿದ್ರೆ ದುಡ್ಡು ಕೊಡಬೇಕಲ್ಲ. 2009ರಲ್ಲಿ ಕೇಸು ಹಾಕಿದರು, 2014ರಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಅವರ ಪರ ತೀರ್ಪು ಕೊಟ್ಟರು. ಮೇಲಿನ ಕೋರ್ಟು ಅದನ್ನು ಸ್ವಲ್ಪ ಮೊಟಕು ಮಾಡಿತು, ಆದರೆ ಗೋಡೆ ಅಲುಗಾಡಿ ಆಗಿತ್ತು. 2019ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ, ಹುಡುಗರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ದುಡಿಯಬಹುದು ಅಂತ ಕಾನೂನು ಮಾಡಿತು. 2021ರ ಜೂನ್‌ನಲ್ಲಿ ಆಲ್‌ಸ್ಟನ್ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಾಧೀಶರು ಎನ್‌ಸಿಎಎ ವಿರುದ್ಧ ನಿಂತರು. ಮುಂದಿನ ತಿಂಗಳೇ ದೇಶದಾದ್ಯಂತ ಜಾಹೀರಾತಿನ ದುಡ್ಡಿಗೆ ಬಾಗಿಲು ತೆರೆಯಿತು.

(ಎಫ್-1 ನವರಿಗೆ ಇಲ್ಲೂ ಬಾಗಿಲು ಅರ್ಧ ಮುಚ್ಚಿತ್ತು. ಪರ್ಡ್ಯೂ ತಂಡದ ಜ್ಯಾಕ್ ಈಡಿ ದೇಶದ ಅತ್ಯುತ್ತಮ ಕಾಲೇಜು ಆಟಗಾರ ಅನಿಸಿಕೊಂಡರೂ, ಕೆನಡಾದವರಾದ್ದರಿಂದ ಜೊತೆಯ ಹುಡುಗರ ಹಾಗೆ ದುಡಿಯೋಕೆ ವೀಸಾ ಬಿಡಲಿಲ್ಲ.)

ದುಡ್ಡು ಕೊಡಬಾರದು ಅನ್ನೋರ ವಾದದಲ್ಲಿ ತೂಕವೇ ಇಲ್ಲ ಅಂತ ನಾನು ಹೇಳಲ್ಲ. ಲಾಭ ಬರೋದು ಎರಡೇ ಆಟದಿಂದ, ಅದೂ ದೊಡ್ಡ ಕಾಲೇಜುಗಳಿಗೆ ಮಾತ್ರ. ಆ ದುಡ್ಡಿನಲ್ಲೇ ಈಜು, ಕುಸ್ತಿ, ಓಟ, ಹುಡುಗಿಯರ ತಂಡಗಳು ಬದುಕಿವೆ, ಅಮೆರಿಕದ ಒಲಿಂಪಿಕ್ ಪದಕಗಳೂ ಬಹಳಷ್ಟು ಅಲ್ಲಿಂದಲೇ ಬರ್ತವೆ. ಸಂಬಳ ಶುರುವಾದ್ರೆ ಮೊದಲು ಮುಚ್ಚೋದು ಈಜುಕೊಳ. ಇದು ನಿಜವಾದ ಭಯ. ಆದರೆ ಈಜುಕೊಳ ಉಳಿಸೋ ಭಾರವನ್ನು, ಕೋಚ್ ಸಂಬಳ ಮುಟ್ಟದೆ, ಫುಟ್‌ಬಾಲ್ ಆಡೋ ಹತ್ತೊಂಬತ್ತು ವರ್ಷದ ಹುಡುಗನ ತಲೆ ಮೇಲೆ ಯಾಕೆ ಹೊರಿಸಬೇಕು? ಅದರಲ್ಲೂ ಆ ಎರಡು ಆಟಗಳ ದೊಡ್ಡ ತಂಡಗಳಲ್ಲಿ ಕಪ್ಪು ಹುಡುಗರೇ ಹೆಚ್ಚು ಅನ್ನೋದನ್ನು ನೋಡಿದ್ರೆ, ಯಾರ ದುಡಿಮೆ ಯಾರ ಕ್ರೀಡಾಪ್ರೇಮವನ್ನು ಸಾಕ್ತಿದೆ ಅನ್ನೋ ಪ್ರಶ್ನೆ ಇನ್ನೂ ಕಹಿಯಾಗುತ್ತೆ. ನನ್ನ ಮಟ್ಟಿಗೆ ಉತ್ತರ ಸ್ಪಷ್ಟ: ಕೊಡಬೇಕು. ಬಿಟ್ಟಿ ಫೀಸು ಸಣ್ಣ ವಿಷಯ ಅಲ್ಲ, ಅಲ್ಲಿನ ಫೀಸು ಎಷ್ಟು ಅಂತ ಸಾಲ ಮಾಡಿ ಹೋದವರನ್ನು ಕೇಳಿ. ಆದರೆ ಅದು ಕೂಲಿಗೆ ಬದಲು ಕೊಡೋ ರಾಗಿ ಆಗಬಾರದು.

2025ರ ಜೂನ್ 6ರಂದು ಅದೇ ನ್ಯಾಯಾಧೀಶೆ ವಿಲ್ಕೆನ್ ಒಂದು ರಾಜಿ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟರು. 2016ರಿಂದ ಆಡಿದವರಿಗೆ ಹಳೇ ಬಾಕಿ ಸುಮಾರು 280 ಕೋಟಿ ಡಾಲರ್, ಹತ್ತು ವರ್ಷದಲ್ಲಿ. ಮುಂದಕ್ಕೆ ಕಾಲೇಜುಗಳು ನೇರವಾಗಿ ಆಟಗಾರರಿಗೆ ದುಡ್ಡು ಕೊಡಬಹುದು, ಮೊದಲ ವರ್ಷ ಒಂದು ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್ ಮಿತಿ. 1852ರಿಂದ ದಡದ ಮೇಲೇ ನಿಂತಿದ್ದ ದುಡ್ಡು ಕೊನೆಗೂ ದೋಣಿ ಹತ್ತಿತು.

ಆದರೆ ಒಂದು ಸಾಲು ಮಾತ್ರ ಈ ಒಪ್ಪಂದದಲ್ಲಿ ಎಲ್ಲೂ ಇಲ್ಲ. ಆಟಗಾರ ಕೆಲಸಗಾರ ಅನ್ನೋದು. ಡಾರ್ಟ್‌ಮತ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಹುಡುಗರು 2024ರ ಮಾರ್ಚ್‌ನಲ್ಲಿ 13-2 ಮತದಿಂದ ಯೂನಿಯನ್ ಕಟ್ಟಿದರು, ಕಾಲೇಜು ಅವರನ್ನು ಕೆಲಸಗಾರರು ಅಂತ ಒಪ್ಪದೆ ಮಾತುಕತೆಗೇ ಬರಲಿಲ್ಲ, ವರ್ಷದ ಕೊನೆಯಲ್ಲಿ ಯೂನಿಯನ್ ತನ್ನ ಅರ್ಜಿ ವಾಪಸ್ ತಗೊಂಡಿತು. ಈಗ ದುಡ್ಡು ಬರೋದು ಹೆಸರು, ಮುಖ ಬಳಸಿಕೊಂಡಿದ್ದಕ್ಕೆ. ಮೈ ಬಳಸಿಕೊಂಡಿದ್ದಕ್ಕಲ್ಲ. ಎನ್‌ಸಿಎಎ ಕಾಗದಪತ್ರಗಳಲ್ಲಿ ಇವತ್ತಿಗೂ ಅವನ ಹೆಸರು ಸ್ಟೂಡೆಂಟ್-ಅಥ್ಲೀಟ್. ಡೆನಿಸನ್ ಹೆಂಡತಿ ಹಾಕಿದ ಅರ್ಜಿಗೆ ಈ 280 ಕೋಟಿಯಲ್ಲಿ ಉತ್ತರ ಇಲ್ಲ.