ದೊಡ್ಡಿಗೆ ಬಿದ್ದ ಹಸು

ಈಗ ಗೋಶಾಲೆ ಅಂತೀವಲ್ಲ, ನಾನು ಚೇಳೂರಿಗೆ ಸೊಸೆಯಾಗಿ ಬಂದಾಗ ಆ ಮಾತೇ ಬಳಕೇಲಿರಲಿಲ್ಲ ಕಣ್ರೇ. ಇದ್ದಿದ್ದು ದೊಡ್ಡಿ. ರಾಗಿ ಹೊಲಕ್ಕೆ ನುಗ್ಗಿದ ದನಾನ ಹಿಡ್ಕೊಂಡು ಹೋಗಿ ಅಲ್ಲಿ ಕೂಡೋರು. ದಂಡ ಕಟ್ಟಿ ಬಿಡಿಸ್ಕೊಂಡು ಬರಬೇಕು.

ಅದು ಧರ್ಮಕ್ಕೆ ಕಟ್ಟಿದ್ದಲ್ಲ. ಬ್ರಿಟಿಷರ 1871ರ ಕಾನೂನಿನ ಪ್ರಕಾರ ದೊಡ್ಡಿ ನೋಡ್ಕೊಳ್ಳೋನು ದನಕ್ಕೆ ಮೇವು, ನೀರು ಕೊಡಬೇಕು. 7 ದಿನದಲ್ಲಿ ಯಾರೂ ಬರದಿದ್ರೆ ನೋಟೀಸು, ಆಮೇಲೆ ಇನ್ನೂ 7 ದಿನ ಕಾದು ಹರಾಜು. ನಮ್ಮ ರಾಜ್ಯದ್ದೇ ಕಾನೂನು ಬಂದಿದ್ದು 1966ರಲ್ಲಿ. ಹರಾಜಲ್ಲಿ ಗೊಡ್ಡು ಹಸೂನ ಕೂಗೋರು ಯಾರು ಅಂತ ನಿಮಗೇ ಗೊತ್ತು.

ಮುದಿ ದನಾನ ಸಾಯೋವರೆಗೂ ಸಾಕೋ ಪಿಂಜರಾಪೋಲು ಮೈಸೂರಲ್ಲಿ, ಚಾಮುಂಡಿ ಬೆಟ್ಟದ ಬುಡದಲ್ಲಿದೆ. ಇಲ್ಲಿಂದ ಅಲ್ಲಿಗೆ ಹೊಡ್ಕೊಂಡು ಹೋಗೋರ್ಯಾರು?

ನಮ್ಮಲ್ಲಿ ಧರ್ಮ ಇದ್ದಿದ್ದು ಕಲಗಚ್ಚಿನ ಬಾನೀಲಿ. ಅಕ್ಕಿ ತೊಳೆದ ನೀರು, ಗಂಜಿ, ಸೊಪ್ಪಿನ ಕಡ್ಡಿ ಎಲ್ಲಾ ಅದಕ್ಕೇ. ಸಂಜೆ ನಮ್ಮತ್ತೆ ಬಕೆಟ್ಟಿಗೆ ಬಗ್ಗಿಸ್ಕೊಂಡು ದೊಡ್ಡಿಗೆ ಹೊರಡೋರು. ಗೋಗ್ರಾಸ ಅಂತ ಮಂತ್ರ ಹೇಳಿ ಇಡೋ ಪದ್ಧತಿ ನಮ್ಮನೇಲಿರಲಿಲ್ಲ. "ಬಾಯಿಲ್ಲದ್ದು, ಪಾಪ, ಕೂಡಾಕವ್ರೆ" ಅನ್ನೋರು, ಅಷ್ಟೇ.

ಆಮೇಲೆ ಟ್ರ್ಯಾಕ್ಟರ್ ಬಂತು, ಸೀಮೆಹಸು ಬಂದ್ವು. ಗಂಡು ಕರು ಯಾರಿಗೂ ಬೇಡವಾಯ್ತು. ನಾವೂ ಒಂದನ್ನ ಸಂತೆ ದಿನ ಬಿಟ್ಟು ಬಂದ್ವಿ. ಅತ್ತೆ ಕೇಳಿದ್ದಕ್ಕೆ "ಮಾರಿದ್ವಿ" ಅಂದೆ. ಅವತ್ತು ಸಂಜೆ ಅವರು ಬಕೆಟ್ ಎತ್ಕೊಂಡಾಗ "ನಾನೇ ಹೋಗ್ತೀನಿ ಕೊಡಿ ಅತ್ತೆ" ಅಂತ ಇಸ್ಕೊಂಡು ಹೋದೆ. ದೊಡ್ಡಿಯೊಳಗೆ ಎರಡು ಎಮ್ಮೆ ಇದ್ವು. ಕರು ಇರಲಿಲ್ಲ.